ಕೀಲೆಣ್ಣೆಯ ಹದ

ಬಸಗೊಂಡಪ್ಪ ಕಡಾಯಿಯ ಕೆಳಗೆ ಇನ್ನೊಂದು ಹಿಡಿ ತೊಗರಿ ಕಟ್ಟಿಗೆ ತುರುಕಿ ಊದಿದ. ಪಡಸಾಲೆಯಲ್ಲಿ ಅವನ ತಮ್ಮ ಗುರಲಿಂಗಪ್ಪನನ್ನು ಗೋಡೆಗೆ ಆನಿಸಿ ಕೂಡಿಸಿ ಹಣೆಗೆ ವಿಭೂತಿ ಹಚ್ಚಿದ್ದರು. ಬೆಳಗ್ಗೆ ಇದೇ ಕಡಾಯಿ ತಿರುವುತ್ತ ಕುಸಿದ ಮನುಷ್ಯ, ಮತ್ತೆ ಏಳಲಿಲ್ಲ. ಕುದಿ ಅರ್ಧಕ್ಕೇ ನಿಂತಿತ್ತು.

“ಇದೊಂದ ಮುಗಸಿಬಿಡತೇನಿ, ಗೈಬುಸಾಬ. ಇಷ್ಟ ಔಡಲೆಣ್ಣಿ ಹಾಳಾದ್ರ ನನ್ನ ತಮ್ಮ ಕುಣಿಯೊಳಗೂ ಸುಮ್ಮನ ಕೂಡಾಂವಲ್ಲ,” ಎಂದ ಬಸಗೊಂಡಪ್ಪ.

ಗೈಬುಸಾಬ ವಿಜಾಪುರದ ಹತ್ತಿ ಜಿನ್ನಿನ ಮಿಸ್ತ್ರಿ. ಕೀಲೆಣ್ಣೆ ಒಯ್ಯಲು ಬಂಡಿ ಹೊಡೆದುಕೊಂಡು ತಿಕೋಟಾಕ್ಕೆ ಬಂದವನು ಸಾವಿನ ಮನೆಯ ಅಂಗಳದಲ್ಲಿ ನಿಲ್ಲಬೇಕಾಯಿತು.

“ಮುಂದ ಹ್ಯಾಂಗ್ರಿ?” ಎಂದು ಕೇಳಿದ.

“ಮುಂದೇನು? ಕಡಾಯಿ ಮಾರೂದು, ರುದ್ರವ್ವನ್ನ ಬಬಲೇಶ್ವರಕ್ಕ ನಮ್ಮ ಮನಿಗೆ ಕರಕೊಂಡ ಹೋಗೂದು. ಮಕ್ಕಳಿಲ್ಲ ಮರಿಯಿಲ್ಲ, ಒಬ್ಬಾಕಿ ಇಲ್ಲಿ ಏನ್ ಮಾಡ್ಯಾಳು?”

ಗಂಡನ ಹೆಣದ ಬದಿಗೆ ಕುಳಿತ ರುದ್ರವ್ವನಿಗೆ ಅದೆಲ್ಲ ಕೇಳಿಸಿತು. ಅತ್ತು ಅತ್ತು ಅವಳಿಗೆ ಸಾಕಾಗಿತ್ತು. ಭಾವ ಕೆಟ್ಟವನಲ್ಲ, ಎರಡು ಹೊತ್ತು ಊಟಕ್ಕೇನೂ ಕಡಿಮೆ ಮಾಡುವವನಲ್ಲ. ಆದರೆ ಇನ್ನೊಬ್ಬರ ಒಲೆಯ ಮುಂದೆ ಮುದುಕಿಯಾಗುವುದು ಅವಳಿಗೆ ಬೇಡವಾಗಿತ್ತು. ಬೇಡ ಎನ್ನಲು ಅವಳ ಬಳಿ ಇದ್ದದ್ದು ಆ ಕಡಾಯಿ ಒಂದೇ.

*

ಎರಡು ವರ್ಷದ ಹಿಂದೆ, ಲಡಾಯಿಯ ಗದ್ದಲದಲ್ಲಿ ಮುಂಬೈಯಿಂದ ಬರುವ ಕಂಪನಿ ಗ್ರೀಸು ನಿಂತುಹೋಗಿತ್ತು. ಔಡಲೆಣ್ಣೆಗೆ ಸುಣ್ಣ ಹಾಕಿ ಕುದಿಸಿದರೆ ಅದೂ ಒಂದು ನಮೂನೆಯ ಸಾಬೂನೇ ಆಗುತ್ತದೆಂದು ಗುರಲಿಂಗಪ್ಪನಿಗೆ ಹೇಳಿದವನು ಇದೇ ಗೈಬುಸಾಬ. ನೊರೆ ಬರುವುದಿಲ್ಲ, ನೀರಿಗೆ ಕರಗುವುದಿಲ್ಲ, ಮೈ ತೊಳೆಯಲು ದಂಡ. ಬಂಡಿಯ ಅಚ್ಚಿಗೆ, ಜಿನ್ನಿನ ಯಂತ್ರಕ್ಕೆ ಮಾತ್ರ ಅದೇ ಜೀವ.

ಗುರಲಿಂಗಪ್ಪ ನಾಲ್ಕು ಸಲ ಕುದಿಸಿದ, ನಾಲ್ಕೂ ಸಲ ಒಡೆಯಿತು. ಎಣ್ಣೆ ಮೇಲೆ, ಸುಣ್ಣದ ಗರಣೆ ಕೆಳಗೆ. ಎಣ್ಣೆಗೂ ನೀರಿಗೂ ಆಗಿಬರುವುದಿಲ್ಲವೆಂದು ನಂಬಿದ ಗಾಣಿಗ ಅವನು. ಸುಣ್ಣದಲ್ಲಿನ ಒಂದು ಹನಿ ನೀರೂ ಉಳಿಯದಂತೆ ಕುದಿಸಿದಷ್ಟೂ ಅದು ಕೆಡುತ್ತಿತ್ತು. ಐದನೆಯ ಸಲ ರುದ್ರವ್ವನ ತಾಳ್ಮೆ ಕೆಟ್ಟಿತು.

“ಸಾಕ ಮಾಡ್ರಿ ಇನ್ನ! ಮನ್ಯಾಗಿನ ಕಟಗಿ ಎಲ್ಲಾ ಬೂದಿ ಆತು,” ಎಂದು ಒಲೆ ಆರಿಸಲು ಚರಿಗೆಯ ನೀರು ಎರಚಿದಳು. ಅದರಲ್ಲಿ ಅರ್ಧ ಕಡಾಯಿಗೇ ಬಿತ್ತು. ಅವನು ಬೈಯುತ್ತಲೇ ತಿರುವಿದ. ತಿರುವುತ್ತ ತಿರುವುತ್ತ ಅದು ಬೆಣ್ಣೆಯ ಹಾಗೆ ಕೂಡಿಬಂತು.

ಅಂದಿನಿಂದ ಕುದಿಯ ಕೊನೆಗೆ ನೀರು ಹಾಕುವ ಕೆಲಸ ಅವಳದೇ. ಎಷ್ಟು, ಯಾವಾಗ ಎಂಬುದು ಅವಳ ಕಣ್ಣಿಗಷ್ಟೇ ಗೊತ್ತು. ಊರಿಗೆ ಮಾತ್ರ ಅದು ಗುರಲಿಂಗಪ್ಪನ ಕೈಗುಣ. “ಹೊರಗ ಹೇಳಬ್ಯಾಡ ಬೇ, ನಗತಾರ,” ಎಂದಿದ್ದ. ಅವಳು ಹೇಳಲಿಲ್ಲ. ಆ ಮಾತಿನಿಂದ ಅವಳಿಗೆ ನೋವಾಗಿತ್ತು, ಅದನ್ನೂ ಹೇಳಲಿಲ್ಲ.

*

“ಒಡೀತಲ್ಲೋ ಯಪ್ಪಾ!” ಅಂಗಳದಲ್ಲಿ ಬಸಗೊಂಡಪ್ಪ ಕೂಗಿದ. “ನೀರೆಲ್ಲಾ ಆರಿಸೇನಿ, ಆದರೂ ಒಡೀತು!”

“ಅವನ ಕೈಗುಣ ಅವನ ಕೂಡೇ ಹೋತು ಬಿಡ್ರಿ,” ಎಂದು ಗೈಬುಸಾಬ ನಿಟ್ಟುಸಿರು ಬಿಟ್ಟ. “ಜಿನ್ನಿಗೆ ಬ್ಯಾರೆ ಕಡಿ ನೋಡಬೇಕು.” ಬಂಡಿಯ ಕಡೆ ಹೊರಳಿದ.

ರುದ್ರವ್ವ ಎದ್ದಳು. ನೆರೆಮನೆಯ ಮುದುಕಿ ಸಕ್ರವ್ವ ಸೆರಗು ಹಿಡಿದು ಜಗ್ಗಿದಳು. “ಎಲ್ಲಿಗೆ ಬೇ? ಗಂಡನ ಹೆಣ ಬಿಟ್ಟು ಏಳತಾರೇನ?”

“ಅವರು ಅರ್ಧಕ್ಕ ಬಿಟ್ಟಾರ, ಸಕ್ರವ್ವಾಯಿ. ಮುಗಸಿ ಬರತೇನಿ.”

ರುದ್ರವ್ವ ಅಂಗಳಕ್ಕೆ ಇಳಿದಳು. ಅವಳು ಉರಿ ಹೊರಗೆಳೆದು, ಕಾವು ಇಳಿಯುವವರೆಗೆ ಕಾದಳು. ಕೊಡದಿಂದ ಬೊಗಸೆಯಲ್ಲಿ ನೀರು ತೆಗೆದು ಚಿಮುಕಿಸಿ ತಿರುವಿದಳು. ಮತ್ತೆ ಚಿಮುಕಿಸಿದಳು.

“ಎಣ್ಣಿಗೆ ನೀರು ಹಾಕ್ತಿ? ತಲಿ ಕೆಟ್ಟೈತೇನ ನಿಂದು?” ಎಂದ ಭಾವ.

“ಇಷ್ಟು ದಿನ ಹಾಕಿದಾಕಿ ನಾನ ರೀ, ಭಾವನೋರ.”

ಮೇಲೆ ತೇಲುತ್ತಿದ್ದ ಎಣ್ಣೆ ಮೆಲ್ಲಗೆ ಒಳಗೆ ಸೇರಿತು. ಕಡಾಯಿಯ ಅಂಚಿಗೆ ಮೆತ್ತಿದ್ದನ್ನು ಅವಳು ಕೈಯಿಂದಲೇ ಬಳಿದು ಒಳಗೆ ಹಾಕಿದಳು. ಗೈಬುಸಾಬ ಚೂರು ತೆಗೆದು ಎರಡು ಬೆರಳ ನಡುವೆ ತಿಕ್ಕಿ ನೋಡಿದ. ಬಹಳ ಹೊತ್ತು ತಿಕ್ಕಿದ.

“ಅಕ್ಕಾರ, ಮಣ್ಣು ಆಗಲಿ, ದಿನ ಕಳೀಲಿ. ಮುಂದಿನ ಅಮಾಸಿಗೆ ಬಂಡಿ ತರತೇನಿ,” ಎಂದ.

ಬಸಗೊಂಡಪ್ಪ ರುಮಾಲಿನಿಂದ ಮುಖ ಒರೆಸಿಕೊಂಡ. “ಕಡಾಯಿ ಇಲ್ಲೇ ಇರಲಿ ಹಂಗಾರ,” ಎಂದು ನೆಲ ನೋಡುತ್ತ ಹೇಳಿದ.

ಹೊರಗೆ ಹೆಣ ಕೂಡಿಸಿ ಒಯ್ಯುವ ವಿಮಾನ ಸಿದ್ಧವಾಯಿತು. ಹೆಣ ಎತ್ತುವ ಮೊದಲು ಹೆಂಗಸರು ರುದ್ರವ್ವನನ್ನು ಒಳಗೆ ಕೂಡಿಸಿದರು. ಸಕ್ರವ್ವ ಬಳೆ ಒಡೆಯಲು ಗುಂಡುಕಲ್ಲು ತಂದು, ಕಣ್ಣೊರೆಸಿಕೊಂಡು ಅವಳ ಮುಂಗೈ ಹಿಡಿದಳು. ಹಿಡಿತ ಜಾರಿತು. ಮತ್ತೆ ಹಿಡಿದು ಎಳೆದಳು. ಮೊಣಕೈವರೆಗೆ ಮೆತ್ತಿದ ಕೀಲೆಣ್ಣೆಯ ಮೇಲೆ ಹಸಿರು ಬಳೆಗಳು ಒಂದರ ಹಿಂದೊಂದು ಸರಿದು ಬಂದು ರುದ್ರವ್ವನ ಮಡಿಲಲ್ಲಿ ಬಿದ್ದವು. ಒಂದೂ ಒಡೆದಿರಲಿಲ್ಲ. ಸಕ್ರವ್ವ ಕಲ್ಲು ಹಿಡಿದುಕೊಂಡು ಹಾಗೆಯೇ ಕುಳಿತಳು.