ರೊಟ್ಟಿ ಬಡಿಯುವ ಸದ್ದು

ಮದುವೆಯಾಗಿ ಮೂವತ್ತೊಂದು ವರ್ಷ ಕಳೆದ ಮೇಲೆ, ಗಂಡ ತನ್ನನ್ನು ಒಮ್ಮೆಯಾದರೂ ನೋಡಿದ್ದಾನೆಯೇ ಎಂಬ ಸಂಶಯವೊಂದು ದಾಕ್ಷಾಯಿಣಿಯ ಮನಸ್ಸಿಗೆ ಬಂತು. ಬಂದದ್ದು ಕಮರಿಪೇಟೆಯ ಅವರ ಪುಟ್ಟ ಮನೆಯಲ್ಲೇ ಬಿಡಾರ ಹೂಡಿತು.

ಶಿವಯೋಗೀಶ ಕೆಟ್ಟವನಲ್ಲ. ಗೋಕುಲ ರಸ್ತೆಯಲ್ಲಿ ಅವನದೊಂದು ಲೇತ್ ಕಾರ್ಖಾನೆ. ಕೆಟ್ಟ ಯಂತ್ರದ ರೋಗವನ್ನು ಬಿಚ್ಚಿ ನೋಡುವ ಮೊದಲು ಕಿವಿಯಿಂದಲೇ ಹಿಡಿಯುತ್ತಾನೆಂದು ಹೆಸರು. ಆದರೆ ಮನೆಯಲ್ಲಿ ಅವನ ಮಾತು ಬೇಸಿಗೆಯ ನಲ್ಲಿಯಂತೆ, ತಿರುವಿದರೂ ಹನಿಯಿಲ್ಲ. ಕಳೆದ ವಾರ ಅವಳು ಹೊಸ ಇಳಕಲ್ ಸೀರೆ ಉಟ್ಟು ಎರಡು ಸಲ ಅವನ ಮುಂದೆ ಸುಳಿದಾಡಿದಳು. ಅವನು ಪೇಪರಿನಿಂದ ತಲೆಯೆತ್ತದೆ, "ಫ್ಯಾನ್ ಯಾಕೋ ಸಪ್ಪಳಾ ಮಾಡಾಕತ್ತೈತಿ," ಎಂದ.

ಅಂದೇ ಅವಳು ನಿರ್ಧರಿಸಿದಳು. ಸೋಮವಾರದಿಂದ ಜೋಳದ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಓಣಿಯ ತುದಿಯಲ್ಲಿ ರೊಟ್ಟಿ ಮಾಡಿ ಮಾರುವ ಹೊಳೆವ್ವನಿಂದ ತರಿಸಿದಳು.

"ನಾಕ ದಿನ ನೋಡ್ತೇನಿ, ಹೊಳೆವ್ವ. ನನ್ನ ಕೈಯಾಗಿನ ರೊಟ್ಟಿ ಅಲ್ಲ ಅಂತ ಗುರುತ ಹಿಡೀಲಿಲ್ಲಂದ್ರ ರಾಣೆಬೆನ್ನೂರಿಗೆ ತಂಗಿ ಮನಿಗೆ ಹೋಗಿಬಿಡ್ತೇನಿ. ತಿರುಗಿ ಬರೂದಿಲ್ಲ."

"ಅಯ್ಯ ನಮ್ಮವ್ವ, ಗಂಡಸರ ನಾಲಿಗಿ ಪರೀಕ್ಷಾ ಮಾಡ್ತೀರೇನು?" ಹೊಳೆವ್ವ ನಕ್ಕಳು. "ನಮ್ಮನ್ಯಾಗಿನಾಂವ ಪಲ್ಯಾಕ ಉಪ್ಪು ಹಾಕದಿದ್ರೂ ತಾಟು ನೆಕ್ಕತಾನ!"

ಶಿವಯೋಗೀಶ ತಿಂದ. ಮಂಗಳವಾರವೂ ತಿಂದ, ಬುಧವಾರವೂ ತಿಂದ. ಬದಲಾದದ್ದು ಅವನ ಲಿಂಗಪೂಜೆ ಮಾತ್ರ. ಇಪ್ಪತ್ತು ನಿಮಿಷಕ್ಕೆ ಮುಗಿಯುತ್ತಿದ್ದದ್ದು ಈಗ ಮುಕ್ಕಾಲು ತಾಸು ಎಳೆಯುತ್ತಿತ್ತು. ಎದ್ದು ಬಂದಾಗ ಅವನ ಮುಖ ನಿಲ್ದಾಣ ತಪ್ಪಿ ಇಳಿದವನಂತಿರುತ್ತಿತ್ತು. ಸಂಜೆ ಕೈಯೆಲ್ಲ ಗ್ರೀಸ್ ಮೆತ್ತಿಕೊಂಡು ತಡವಾಗಿ ಬರುತ್ತಿದ್ದ. ದೇವರಿಗೆ ಇಷ್ಟು ಹೊತ್ತು, ಕಬ್ಬಿಣಕ್ಕೆ ಅಷ್ಟು ಹೊತ್ತು, ನನಗೆ ಮಾತ್ರ ಇಲ್ಲವೆಂದುಕೊಂಡು ಗುರುವಾರ ದಾಕ್ಷಾಯಿಣಿ ಚೀಲ ತುಂಬಿದಳು. ಹೊಸ ಸೀರೆಯನ್ನು ಮೇಲಿಟ್ಟಳು.

ಶುಕ್ರವಾರ ಬೆಳಿಗ್ಗೆ ಅವನು ಗೋಣಿಚೀಲದಲ್ಲಿ ಸುತ್ತಿದ ಏನನ್ನೋ ಹೊತ್ತು ತಂದು ಅಡುಗೆಮನೆಯಲ್ಲಿ ಧಡ್ಡನೆ ಇಳಿಸಿದ. ಎರಡು ದುಂಡು ಕಬ್ಬಿಣದ ತಟ್ಟೆಗಳು, ಮೇಲೊಂದು ಉದ್ದನೆಯ ಹಿಡಿಕೆ.

"ಏನ್ರೀ ಇದು?"

"ರೊಟ್ಟಿ ಒತ್ತೂ ಮಷಿನ್. ನಿನ್ನ ಕೈನೋವು ಕಡಿಮಿ ಆಗೂತನಕ ಇರ್ಲಿ ಅಂತ ಮಾಡೀನಿ."

"ನನಗ ಕೈನೋವು ಅಂತ ಯಾರ ಹೇಳಿದ್ರು?"

"ಸೋಮವಾರದಿಂದ ಸಪ್ಪಳ ಇಲ್ಲಲ್ಲ." ಅವನು ತಪ್ಪು ಒಪ್ಪಿಕೊಳ್ಳುವವನಂತೆ ನೆಲ ನೋಡಿದ. "ನೀ ಮೂರ ಸಲ ಬಡದು, ಒಮ್ಮೆ ನಿಂತು ತಿರುವತೀ. ತಿರುವಾಗ ಬಳಿ ಸಪ್ಪಳ. ಕಡೀ ರೊಟ್ಟಿಗೆ ಮಾತ್ರ ಎರಡ ಏಟು ಜಾಸ್ತಿ. ಅದು ಕೇಳಿದ ಮ್ಯಾಲೇ ನಾ ಮಂಗಳಾರತಿ ಮಾಡೂದು. ಈಗ ಪೂಜಿ ಎಲ್ಲಿ ಮುಗಸಬೇಕಂತ ತಿಳೀವಲ್ದು."

ಕೊನೆಯ ರೊಟ್ಟಿಗೆ ಎರಡು ಏಟು ಹೆಚ್ಚೆಂಬುದು ಅವಳಿಗೇ ಗೊತ್ತಿರಲಿಲ್ಲ. ಅದನ್ನು ತೋರಗೊಡದೆ ಜೋರು ಮಾಡಿದಳು.

"ಬಾಯಿ ಬಿಟ್ಟು ಕೇಳಾಕ ಆಗ್ತಿದ್ದಿಲ್ಲೇನ್ರಿ?"

"ಕೇಳಿದ್ರ, ಏನೂ ಆಗಿಲ್ಲ ಅಂತಿದ್ದಿ. ಯಾವತ್ತಾದ್ರೂ ನೋವು ಅಂತ ಹೇಳೀಯೇನು ನೀ?"

ಅದೂ ಖರೆಯೇ.

"ಆತು. ಹೋದ ವಾರ ಹೊಸಾ ಸೀರಿ ಉಟ್ಟಿದ್ನೆಲ್ಲ, ಅದು ಕಾಣಲಿಲ್ಲೇನು?"

"ಸೀರಿ?" ಅವನು ಹುಬ್ಬು ಗಂಟಿಕ್ಕಿ ನೆನಪಿಸಿಕೊಂಡ. "ಸರಸರ ಅಂತ ಹೊಸಾ ಸಪ್ಪಳ ಕೇಳ್ತು… ಫ್ಯಾನಿಂದು ಅಂದ್ಕೊಂಡ್ನಿ. ಮರುದಿನ ಬಿಚ್ಚಿ ಎಣ್ಣಿನೂ ಬಿಟ್ನೆಲ್ಲ!"

ದಾಕ್ಷಾಯಿಣಿ ನಕ್ಕಳು. ನಗುನಗುತ್ತ ಗೋಡೆಗೆ ಒರಗಿದಳು. ಮಷಿನ್ನಿನಲ್ಲಿ ಹಿಟ್ಟಿಟ್ಟು ಒತ್ತಿ ತೆಗೆದಾಗ ಅರ್ಧ ರೊಟ್ಟಿ ಮೇಲಿನ ತಟ್ಟೆಗೆ, ಅರ್ಧ ಕೆಳಗಿನದಕ್ಕೆ ಹತ್ತಿಕೊಂಡಿತ್ತು. ಆಗ ಅವನೂ ನಕ್ಕ.

"ಮೂವತ್ತೊಂದ ವರ್ಷ ನೀವು ಕೇಳಿದ್ರಿ," ಎಂದಳು ಕಣ್ಣೊರೆಸಿಕೊಳ್ಳುತ್ತ. "ಇವತ್ತ ನೀವು ಬಡೀರಿ, ನಾ ಕೇಳ್ತೇನಿ."

ಅವಳು ದೇವರಮನೆಯಲ್ಲಿ ಅವನ ಮಣೆಯ ಮೇಲೆ ಕುಳಿತಳು. ಅಡುಗೆಮನೆಯಿಂದ ಧಪ್ಪೆಂದು ಒಂದೇ ಏಟು, ಆಮೇಲೆ ದೀರ್ಘ ಮೌನ. "ತಿರುವ್ರೀ!" ಎಂದು ಕೂಗಿದಳು. ಮತ್ತೊಂದು ಧಪ್. ಇಲ್ಲಿ ಕುಳಿತರೆ ಮನೆಯೆಲ್ಲ ಕೇಳಿಸುತ್ತದೆಂಬುದು ಅವಳಿಗೆ ಇದೇ ಮೊದಲ ಸಲ ತಿಳಿಯಿತು: ಹಂಚಿನ ಚುರ್, ಕೊಡದ ಮುಚ್ಚಳ, ಅವನ ಉಸಿರು.

ಎದ್ದು ಹೋಗಿ ಚೀಲ ತೆರೆದು ಇಳಕಲ್ ಸೀರೆ ಉಟ್ಟು, ಮೆಲ್ಲಗೆ ಅಡುಗೆಮನೆಯ ಬಾಗಿಲಿಗೆ ಬಂದಳು. ಹಣೆಯ ವಿಭೂತಿಯ ಮೇಲೆ ಹಿಟ್ಟು ಬಳಿದುಕೊಂಡಿದ್ದ ಶಿವಯೋಗೀಶ ತಲೆಯೆತ್ತಲಿಲ್ಲ.

"ಫ್ಯಾನ್ ಬಂತು," ಎಂದ.

ಆಮೇಲೆ, ಏನೋ ನೆನಪಾದವನಂತೆ, ತಲೆಯೆತ್ತಿ ನೋಡಿದ. ನೋಡುತ್ತಲೇ ಇದ್ದ. ಹಂಚಿನ ಮೇಲಿನ ರೊಟ್ಟಿ ಹೊತ್ತಿ ವಾಸನೆ ಓಣಿಯ ತುದಿಯ ಹೊಳೆವ್ವನವರೆಗೆ ಹೋಯಿತು.