ಹಳತಾಗಿಸುವ ಗುಂಡಿ

ಹಿತ್ತಿಲಿಗೆ ಕಾಲಿಡುತ್ತಲೇ ಯೂಲಾನ್ ತಲೆವಸ್ತ್ರದ ತುದಿಯಿಂದ ಮೂಗು ಮುಚ್ಚಿಕೊಂಡಳು. ಹೋದ ಸಲ ಕಳಿಸಿದ ಕಂಚಿನ ಧೂಪದಾನಿಯೊಂದಕ್ಕೆ ಬೇರೆಯದರ ಮುಚ್ಚಳ ಹೋಗಿತ್ತು. ಅದನ್ನು ಬದಲಾಯಿಸಲು, ತಾನು ಕೆತ್ತಿದ್ದನ್ನು ಮಾರುವ ವ್ಯಾಪಾರಿಯ ಮನೆಗೆ ತಾನೇ ಬಂದಿದ್ದಳು.

ಹಂದಿಗೂಡಿನ ಪಕ್ಕದ ಗುಂಡಿಯಲ್ಲಿ ಹೊಲಸು ನೊರೆಗಟ್ಟಿತ್ತು. ವ್ಯಾಪಾರಿಯ ಹೆಂಡತಿ ಕೊಕ್ಕೆ ಇಳಿಬಿಟ್ಟು ಧೂಪದಾನಿಯೊಂದನ್ನು ಎತ್ತಿದಳು. ಯೂಲಾನ್ ಕೆತ್ತಿದ ಅಲ್ಲಾಹನ ಹೆಸರಿನ ತಿರುವುಗಳಿಂದ ಕಪ್ಪು ರಾಡಿ ತೊಟ್ಟಿಕ್ಕುತ್ತಿತ್ತು. ಅದರಲ್ಲಿ ಹುಳುಗಳಿದ್ದವು.

"ಒಂದು ಬೇಸಿಗೆ ನೆನೆದ್ರೆ ಸಾಕಮ್ಮ, ಐನೂರು ವರ್ಷ ಹಿಂದಿನ ಮಿಂಗ್ ದೊರೆಗಳ ಕಾಲದ್ದಾಗಿ ಏಳ್ತದೆ," ಎಂದು ಆಕೆ ನಕ್ಕಳು. "ಯಾಕೆ ಹಂಗ್ ನೋಡ್ತೀರಿ? ನಿಮ್ಮೆಜಮಾನ್ರೇ ಹೇಳ್ಕೊಟ್ಟಿದ್ದಲ್ವಾ?"

ಯೂಲಾನ್ ಗೋಡೆ ಹಿಡಿದು ವಾಂತಿ ಮಾಡಿಕೊಂಡಳು. ಆಮೇಲೆ ಅಂಗಿಯ ತೋಳು ಮಡಚಿ ಗುಂಡಿಗೆ ಕೈಹಾಕಿದಳು. ಸಿಕ್ಕಿದ್ದನ್ನೆಲ್ಲ ಎತ್ತಿ ಬಾವಿಕಟ್ಟೆಯಲ್ಲಿ ತೊಳೆದು ಚೀಲಕ್ಕೆ ತುಂಬಿದಳು. ವ್ಯಾಪಾರಿಯ ಹೆಂಡತಿ ಬೈಯುತ್ತಲೇ ಇದ್ದಳು.

ಮನೆಯಲ್ಲಿ ಗಂಡ ದೆಶೆಂಗ್ ಕುರಿಮಾಂಸದ ಎಲುಬು ಚೀಪುತ್ತಾ ಕೂತಿದ್ದ. ಚೀಲ ನೋಡುತ್ತಲೇ ಅವನಿಗೆ ವಿಷಯ ಗೊತ್ತಾಯಿತು.

"ತೊಳೆದ್ರೆ ಹೋಯ್ತು. ಕಂಚಿಗೆ ಮೈಲಿಗೆ ಅಂಟ್ಕೊಳ್ಳುತ್ತಾ?"

"ನಾನು ಕೈಕಾಲು ಮುಖ ತೊಳೆದು ವುಜೂ ಮಾಡದೆ ಉಳಿ ಮುಟ್ಟಲ್ಲ. ನೀವು ಆ ಹೆಸರನ್ನ ಹಂದಿ ಹೇಲಲ್ಲಿ ಮುಳುಗಿಸ್ತೀರಾ?"

"ಕೊಳ್ಳೋ ಅರಬ್ಬರಿಗೆ ಹಳೇದೇ ಬೇಕು. ನಿನ್ನ ಕೆಲಸ ಹೊಸದು ಅಂದ್ರೆ ಯಾರೂ ತಿರುಗಿ ನೋಡಲ್ಲ."

"ಅವರು ಅದರಲ್ಲಿ ಊದಿನ ಚಕ್ಕೆ ಸುಟ್ಟು, ಹೊಗೆ ಮುಖಕ್ಕೆ ಹಿಡ್ಕೋತಾರೆ ಕಣ್ರೀ. ಮನೆಗೆ ಬಂದ ನೆಂಟರಿಗೂ ಹಿಡೀತಾರೆ."

"ಹಿಡ್ಕೊಳ್ಲಿ ಬಿಡು. ಅವರಿಗೇನು ಗೊತ್ತಾಗುತ್ತೆ?" ಅವನು ಬೆರಳು ನೆಕ್ಕಿಕೊಂಡ.

ಆ ಜಿಡ್ಡು ಬೆರಳುಗಳನ್ನೇ ಯೂಲಾನ್ ನೋಡಿದಳು. ಇಷ್ಟು ವರ್ಷ ಒಂದೇ ತಟ್ಟೆಯಲ್ಲಿ ಅವನ ಜೊತೆ ಉಂಡಿದ್ದು ನೆನಪಾಗಿ ಹೇಸಿಗೆಯಾಯಿತು. ಅವಳು ಸ್ನಾನ ಮಾಡಿ ಬಂದು, ಕೆಳಗೆ ಬಟ್ಟೆ ಹಾಸಿ, ಅರ ತೆಗೆದುಕೊಂಡಳು. ಚೀಲದಲ್ಲಿದ್ದವು, ಕಪಾಟಿನಲ್ಲಿ ಸಿದ್ಧವಾಗಿದ್ದವು, ಒಂದೊಂದರ ಮೇಲಿನ ಅಕ್ಷರಗಳನ್ನೂ ಉಜ್ಜಿ ಅಳಿಸತೊಡಗಿದಳು.

"ತಲೆ ಕೆಟ್ಟಿದೆಯಾ ನಿನಗೆ? ಅಕ್ಷರ ಇಲ್ದೆ ಇದನ್ನ ಯಾರು ಕೊಳ್ತಾರೆ?"

"ಬರೀ ಕಂಚು ತಾನೇ ನಿಮಗೆ ಬೇಕಾಗಿರೋದು? ತಗೊಂಡ್ಹೋಗಿ. ಇನ್ನು ನಾನು ಕೆತ್ತಲ್ಲ."

ಅವನು ಅರ ಕಿತ್ತುಕೊಳ್ಳಲು ಕೈ ಚಾಚಿದ. "ಮುಟ್ಟಬೇಡಿ," ಎಂದಳು. ದನಿಯೇನೂ ಏರಿರಲಿಲ್ಲ. ಆದರೂ ಅವನು ಕೈ ಹಿಂದಕ್ಕೆ ತೆಗೆದುಕೊಂಡ.

ಮಧ್ಯಾಹ್ನ ಅವಳು, ಅಲ್ಲಾಹನ ಹೆಸರು ಯಾರ ಕಾಲಡಿಗೂ ಸಿಗಬಾರದೆಂದು, ಬಟ್ಟೆಯಲ್ಲಿ ಬಿದ್ದ ಪುಡಿಯನ್ನು ಗಂಟು ಕಟ್ಟಿಕೊಂಡು ಹೊಳೆಗೆ ಹೋದಳು. ಮೊಣಕಾಲುದ್ದ ನೀರಿನಲ್ಲಿ ನಿಂತು ಗಂಟು ಬಿಚ್ಚಿದಳು. ಪುಡಿ ಸ್ವಲ್ಪ ದೂರ ಹೊಳೆಯುತ್ತಾ ತೇಲಿ, ಕದಡಿದ ನೀರಿನಲ್ಲಿ ಇಳಿದುಹೋಯಿತು. ನೀರು ಹರಿದುಹೋಗುವ ಕಡೆ ಕಲ್ಲಿನ ಮೇಲೆ ಮುದುಕಿಯೊಬ್ಬಳು ಎಲೆಕೋಸನ್ನು ಎಸಳೆಸಳಾಗಿ ಬಿಡಿಸಿ ತೊಳೆಯುತ್ತಿದ್ದಳು.