ಮುಟ್ಟದ ಇನ್ನೂರು ಜಿಬಿ

ಒಂದು ಫೋಟೊಗೆ ಮೂವತ್ತು ಎಂಬಿ. ಒಂದು ಮದುವೆಗೆ ಏನಿಲ್ಲವೆಂದರೂ ಒಂಬೈನೂರು ಫೋಟೊ, ಅಂದರೆ ಇಪ್ಪತ್ತೇಳು ಜಿಬಿ. ಫೋಟೊ ತೆಗೆಯುವುದೇ ಅವಳ ಕಸುಬು; ಸ್ಟುಡಿಯೊದ ಕಂಪ್ಯೂಟರಿನಲ್ಲಿ ಅವಳ ಪಾಲಿನಲ್ಲಿ ಖಾಲಿ ಉಳಿದಿದ್ದದ್ದು ಹನ್ನೊಂದು. ನಾಳೆ ಬೆಳಗ್ಗೆ ಮದುವೆ. ಹಳೆಯ ಮದುವೆಗಳನ್ನು ಅಳಿಸುವಂತಿಲ್ಲ, ಐದು ವರ್ಷ ಕಾಪಾಡುತ್ತೇನೆಂದು ರಸೀದಿಯಲ್ಲೇ ಬರೆದುಕೊಟ್ಟಿದ್ದಳು. ಹೊಸ ಡಿಸ್ಕ್ ಕೊಳ್ಳೋಣವೆಂದರೆ ಎರಡು ಮದುವೆಯ ದುಡಿಮೆ ಅದಕ್ಕೇ ಹೋಗುತ್ತದೆ.

ಕಂಪ್ಯೂಟರಿನ ಮಿಕ್ಕ ಜಾಗ ಗಂಡನ ಪಾಲು. ಗಡಿಯಾರ ರಿಪೇರಿಯವನು, ತೀರಿಕೊಂಡು ಎಂಟು ತಿಂಗಳು. ಹಗಲು ಅವಳು, ಸಂಜೆ ಅವನು, ಇಬ್ಬರಿಗೂ ಒಂದೇ ಕಂಪ್ಯೂಟರ್. ಅವನ ಕುರ್ಚಿಯ ದಿಂಬು ಇನ್ನೂ ಅಲ್ಲೇ ಇತ್ತು. ಅವಳು ತನ್ನ ಸ್ಟೂಲಿನ ಮೇಲೆಯೇ ಕೂರುತ್ತಿದ್ದಳು.

ಬೇರೆ ದಾರಿ ಕಾಣದೆ, ಅವನ ಪಾಲನ್ನು ಒರೆಸಿಸಲೆಂದು ಕಂಪ್ಯೂಟರ್ ರಿಪೇರಿಯವಳನ್ನು ಕರೆಸಿದಳು. ಮಧ್ಯಾಹ್ನ ಬಂದ ರಿಪೇರಿಯವಳು ಪರದೆ ನೋಡಿ ನಕ್ಕಳು. "ಏನಕ್ಕ, ಒಂದೇ ಡಬ್ಬದಲ್ಲಿ ಎರಡು ಸಂಸಾರ! ನಿಮ್ಮದು ವಿಂಡೋಸ್, ಅವರದು ಲಿನಕ್ಸ್. ಡಿ ಅನ್ನೋದು ಅವರ ಪಾಲು. ಅದರ ಕಟ್ಟಡವೇ ಬೇರೆ ನಮೂನೆ, ನಿಮ್ಮ ವಿಂಡೋಸ್‌ಗೆ ಓದೋಕೆ ಬರಲ್ಲ. ಖಾಲಿ ಅಂದ್ಕೊಂಡು, ಒರೆಸಿಬಿಡ್ಲಾ ಅಂತ ಕೇಳುತ್ತೆ."

"ಗೊತ್ತು. ಒಂದ್ಸಲ ಡಿ ಮೇಲೆ ಒತ್ತಿಬಿಟ್ಟಿದ್ದೆ. ಫಾರ್ಮ್ಯಾಟ್ ಮಾಡ್ಲಾ ಅಂತು. ಜೀವ ಬಾಯಿಗೆ ಬಂತು. ಅವತ್ತಿಂದ ಡಿ, ಇ ಎರಡರ ಹತ್ತಿರಾನೂ ಸುಳಿದಿಲ್ಲ."

"ಪಾಪ, ಇ ಏನ್ ಮಾಡ್ತು ನಿಮಗೆ?"

"ಅದೂ ಅವರದೇ ಅಲ್ವಾ?"

ರಿಪೇರಿಯವಳು ಇ ತೆರೆದಳು. ಏನನ್ನೂ ಕೇಳದೆ ತೆರೆದುಕೊಂಡಿತು. "ಅಯ್ಯೋ ಅಕ್ಕ! ಇದು ಎನ್‌ಟಿಎಫ್‌ಎಸ್. ಎರಡೂ ಕಡೆಯಿಂದ ಓದಬಹುದು, ಬರೀಬಹುದು. ಇಬ್ಬರಿಗೂ ಅಂತಾನೇ ಮಾಡಿಟ್ಟಿದ್ದಾರೆ. ಇನ್ನೂರು ಜಿಬಿ! ಅವರದ್ದನ್ನ ಯಾಕೆ ಒರೆಸ್ತೀರಾ?"

ಖಾಲಿ ಜಾಗದಲ್ಲಿ ಒಂದೇ ಒಂದು ಚಿಕ್ಕ ಫೈಲು, ನಾಲ್ಕು ವರ್ಷ ಹಿಂದಿನ ತಾರೀಖು. ರಿಪೇರಿಯವಳು ಒತ್ತಿದಳು, ಓದಿದ್ದೇ ಮುಖ ಅತ್ತ ತಿರುಗಿಸಿ ಚೀಲದಲ್ಲಿ ಏನನ್ನೋ ಹುಡುಕತೊಡಗಿದಳು. ಗಂಡ ಬರೆದಿಟ್ಟಿದ್ದ:

"ನಿನ್ನ ಪಾಲಿಗೆ ನಾನು ಕೈ ಹಾಕಲ್ಲ. ನಿನಗೆ ಇಷ್ಟವಾದ ಫೋಟೊ ಇದ್ರೆ ಇಲ್ಲಿ ಹಾಕು. ಸಂಜೆ ನೋಡ್ತೀನಿ."

ಅವನು ಅದನ್ನು ಬಾಯಿಬಿಟ್ಟು ಹೇಳಿರಲೇ ಇಲ್ಲ. ಇನ್ನೊಬ್ಬರ ಕಪಾಟು ತೆರೆಯಬಾರದೆಂದು ಅವಳು ಸುಮ್ಮನಿದ್ದಳು. ಬಲವಂತ ಮಾಡಬಾರದೆಂದು ಅವನು ಸುಮ್ಮನಿದ್ದ. ಎಷ್ಟು ಸಂಜೆ ಇದನ್ನು ತೆರೆದು, ಖಾಲಿ ನೋಡಿ, ಮುಚ್ಚಿದನೋ.

"ಅಕ್ಕ, ಅವರ ಕಡೆ ಏನು ಮಾಡ್ಲಿ?"

"ಹಾಗೇ ಇರಲಿ. ಎಷ್ಟಾಯ್ತು ನಿಮ್ಮದು?"

"ನಾನೇನು ಮಾಡಿದೆ, ಬಾಗಿಲು ತೋರಿಸಿದೆ ಅಷ್ಟೇ. ಒಂದು ಪಾಸ್‌ಪೋರ್ಟ್ ಫೋಟೊ ತೆಗೆದುಕೊಡಿ, ಸಾಕು. ಚೆನ್ನಾಗಿ ಕಾಣೋ ಹಾಗೆ, ಆಮೇಲೆ ಹೇಳಲಿಲ್ಲ ಅನ್ಬೇಡಿ."

ತೆಗೆದುಕೊಟ್ಟಳು. ರಿಪೇರಿಯವಳು ಹೋದ ಮೇಲೆ ತನ್ನ ಪಾಲಿನಿಂದ ಒಂದು ಚಿತ್ರ ಆರಿಸಿದಳು: ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಅವನು ಗಡಿಯಾರದೊಳಗೆ ಇಣುಕುತ್ತಿದ್ದದ್ದು, ಅವನಿಗೆ ತಿಳಿಯದಂತೆ ತೆಗೆದದ್ದು. ಇ ಒಳಗೆ ಹಾಕಿದಳು. ಮೂವತ್ತು ಎಂಬಿ ತುಂಬಿತು.

ಆ ದಿನ ಅವಳಿಗೆ ಇನ್ನೂರು ಜಿಬಿ ಜಾಗ ಸಿಕ್ಕಿತು, ಗಂಡನ ಪಾಲು ಉಳಿಯಿತು. ಆದರೆ ಫೋಟೊ ನೋಡಬೇಕಾದವನು ಇರಲಿಲ್ಲ.